ಜೋಳದ ಹೊಲದ ಚಕ್ರ ಮತ್ತು ಗಾಣದ ಆಯಿ

ಮೊನ್ನೆ ಮೊಮ್ಮಗಳು ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಜ್ಜಿ, ಇದನ್ನ ನೋಡು" ಎಂದಳು. ಯಾವುದೋ ದೂರದ ದೇಶದ ಗೋಧಿ ಹೊಲ. ಬೆಳೆದು ನಿಂತ ಪೈರಿನ ನಡುವೆ ಯಾರೋ ಕೈವಾರ ಇಟ್ಟು ಎಳೆದಂತೆ ದುಂಡನೆಯ ಚಕ್ರಗಳು. ಬೇರೆ ಗ್ರಹದವರು ತಟ್ಟೆಯಂಥ ವಿಮಾನದಲ್ಲಿ ಇಳಿದು ಮಾಡಿಹೋದದ್ದು ಎಂದು ಅದರಲ್ಲೊಬ್ಬ ಬಹಳ ಗಂಭೀರವಾಗಿ ಹೇಳುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. "ನಮ್ಮೂರ ಜ್ವಾಳದ ಹೊಲದಾಗೂ ಒಂದು ಬಿದ್ದಿತ್ತು. ಮಾಡಿದಾಂವ ಯಾರಂತ ನನಗ ಗೊತ್ತದ" ಎಂದೆ. ಅಜ್ಜಿಗೆ ವಯಸ್ಸಾಯಿತು ಎಂಬಂತೆ ಅವಳು ನನ್ನ ಬೆನ್ನು ಸವರಿ ಎದ್ದು ಹೋದಳು.

ಅವಳಿಗೆ ಬೇಡವಾದರೆ ಬೇಡ. ಆ ಚಕ್ರ ನೆನಪಾದ ಮೇಲೆ ಗಾಣದ ಆಯಿ ನೆನಪಾಗದೆ ಇರುವುದಿಲ್ಲ, ಆಯಿ ನೆನಪಾದ ಮೇಲೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಆಕೆ ತೀರಿಕೊಂಡಾಗ ನಾವು ವರ್ಗವಾಗಿ ಭಾಲ್ಕಿಯಲ್ಲಿದ್ದೆವು. ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇಂದಿಗೂ ಇದೆ.

ಔರಾದ ತಾಲೂಕಿನಲ್ಲಿ, ಸಂತಪುರದಲ್ಲಿ ಬಸ್ಸಿಳಿದು ಒಂದು ಹರದಾರಿ ನಡೆದರೆ ಸಿಗುವ ಹಳ್ಳಿ ಅದು. ನನ್ನ ಯಜಮಾನರು ಅಲ್ಲಿಯ ಸಾಲಿ ಮಾಸ್ತರರು. ನಾನು ಬೀದರದ ಪೇಟೆಯಲ್ಲಿ ಬೆಳೆದವಳು. ಲಗ್ನವಾಗಿ ಹಳ್ಳಿಗೆ ಬಂದಾಗ ಕುಸುಬಿ ಯಾವುದು, ಕಡಲೆ ಯಾವುದು ಎಂಬುದೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಗೂ ಆಯಿಯ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯಾಚೆ ಆಕೆಯ ಎಣ್ಣೆ ಗಾಣ. ಬೆಳಗಾದರೆ ಸಾಕು, ಅದು ಕಿರ್ ಕಿರ್ ಎಂದು ಅರಚತೊಡಗುತ್ತಿತ್ತು. ಮೊದಮೊದಲು ನನಗೆ ತಲೆನೋವು ಬರುತ್ತಿತ್ತು. ಆಮೇಲೆ ಆ ಸದ್ದು ಕೇಳದಿದ್ದರೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ.

ಊರಿಗೆಲ್ಲ ಆಕೆ ಗಾಣದ ಆಯಿ. ಸ್ವಂತ ಹೆಸರು ಒಂದಿತ್ತು, ನನಗೂ ಗೊತ್ತಿತ್ತು. ಆದರೆ ಹೆಸರು ಹಿಡಿದು ಕರೆದರೆ ಆಕೆಗೆ ಸಿಟ್ಟು ಬರುತ್ತಿತ್ತು, ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಕುಳ್ಳಗಿನ ಗಟ್ಟಿ ಆಳು. ಕಚ್ಚೆ ಹಾಕಿ ಉಟ್ಟ ಸೀರೆ, ಹಣೆ ತುಂಬ ವಿಭೂತಿ, ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾದ ಹಲ್ಲು. ಎದುರಿಗೆ ಬಂದರೆ ಮೊದಲು ಕುಸುಬಿ ಎಣ್ಣೆಯ ವಾಸನೆ ಬರುತ್ತಿತ್ತು, ಆಮೇಲೆ ಬೈಗುಳ, ಕೊನೆಗೆ ಆಕೆ. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಯಾರ ಮನೆಯ ಒಂದು ತುತ್ತೂ ಬಿಟ್ಟಿ ಉಣ್ಣುವವಳಲ್ಲ. ನಾನು ಒಂದು ಬಟ್ಟಲು ಪಲ್ಯ ಕೊಟ್ಟರೆ ಸಂಜೆಯೊಳಗೆ ಆ ಬಟ್ಟಲು ಶೇಂಗಾ ಹಿಂಡಿಯನ್ನೋ ಎಣ್ಣೆಯನ್ನೋ ತುಂಬಿಕೊಂಡು ಗೋಡೆ ದಾಟಿ ಬರುತ್ತಿತ್ತು. "ಹಿಂಗ್ಯಾಕ ಮಾಡ್ತೀರಿ ಆಯಿ?" ಎಂದರೆ, "ನಿನ್ನ ಬಟ್ಟಲ ಖಾಲಿ ಕೊಡ್ಲೇನು? ನಾ ಏನ್ ಸತ್ತೇನೇನು?" ಎನ್ನುತ್ತಿದ್ದಳು.

ಮೊದಲ ಸಲ ಎಣ್ಣೆ ತರಲು ಹೋದಾಗ ನಾನು ಪೇಟೆಯ ಜಂಬದಲ್ಲಿ, "ಎಣ್ಣಿ ಖರೇನೇ ಛಲೋ ಅದನ್ರಿ?" ಎಂದು ಕೇಳಿಬಿಟ್ಟೆ. ಆಯಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಮಾಸ್ತರನ ಹೇಣ್ತಿ ಏನ್ ನೀ?"

"ಹೂಂರಿ."

"ಬಾ ಇಲ್ಲಿ. ಇದರ ಮ್ಯಾಲ ಕುಂದ್ರು."

ಎತ್ತು ಎಳೆಯುವ ಗಾಣದ ಹಲಗೆಯ ಮೇಲೆ ಭಾರಕ್ಕೆಂದು ಯಾರಾದರೂ ಕೂರಬೇಕು. ಭಾರ ಹೆಚ್ಚಾದಷ್ಟೂ ಕಾಳು ಚೆನ್ನಾಗಿ ಅರೆಯುತ್ತದೆ. ಸಾಮಾನ್ಯವಾಗಿ ಆಯಿಯೇ ಕೂರುತ್ತಿದ್ದಳು. ಅಂದು ನನ್ನನ್ನು ಕೂರಿಸಿದಳು. ಎತ್ತು ಸುತ್ತಿತು, ಹಲಗೆ ಸುತ್ತಿತು, ಹೊಸ ಸೀರೆಯುಟ್ಟ ನಾನೂ ಸುತ್ತಿದೆ. "ನಿಮ್ಮಪ್ಪ ನಿನಗ ಹೊಟ್ಟಿಗಿ ಏನ್ ಹಾಕ್ಯಾನ? ಭಾರಾನೇ ಇಲ್ಲಲ್ಲ ನಿನಗ!" ಎಂದು ನಡುನಡುವೆ ಬೈಗುಳ. ಕಲ್ಲಿನ ಬುಡದ ತೂತಿನಿಂದ ಎಣ್ಣೆ ಜಿನುಗಿ ಗಡಿಗೆಗೆ ಬೀಳುವವರೆಗೆ ಕೆಳಗಿಳಿಸಲಿಲ್ಲ. ಆಮೇಲೆ ಬಿಸಿ ಎಣ್ಣೆಯಲ್ಲಿ ಬೆರಳದ್ದಿ ನನ್ನ ಅಂಗೈಗೆ ಹಚ್ಚಿ, "ಈಗ ಹೇಳು, ಛಲೋ ಅದನೋ ಇಲ್ಲೋ?" ಎಂದಳು. ತಲೆ ಸುತ್ತಿ ಗೋಡೆ ಹಿಡಿದು ನಿಂತಿದ್ದ ನಾನು ಏನನ್ನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಆಕೆ ಬಾಯಿ ತುಂಬ ನಕ್ಕಳು. ಅಂದಿನಿಂದ ನಾನು ಆಕೆಗೆ "ತಂಗಿ"ಯಾದೆ.

ಆಯಿಗೆ ಮಕ್ಕಳಿರಲಿಲ್ಲ, ಗಂಡ ಹೋಗಿ ಬಹಳ ವರ್ಷವಾಗಿತ್ತು. ಇದ್ದದ್ದು ಒಂದು ಬಿಳಿ ಎತ್ತು. ಅದರ ಹೆಸರು ಸಾಹೇಬ. ನಿಜಾಮನ ಕಾಲದ ತಹಸೀಲದಾರರಂತೆ ಗತ್ತಿನಿಂದ ನಡೆಯುತ್ತಾನೆ ಎಂದು ಆಕೆಯೇ ಇಟ್ಟ ಹೆಸರು. ಊರವರನ್ನೆಲ್ಲ ಏಕವಚನದಲ್ಲಿ ಬೈಯುತ್ತಿದ್ದ ಆಯಿ ಸಾಹೇಬನನ್ನು ಮಾತ್ರ ಸಿಟ್ಟು ಬಂದಾಗ ಬಹುವಚನದಲ್ಲಿ ಬೈಯುತ್ತಿದ್ದಳು. ಬೆಳಿಗ್ಗೆ ಏಳಲು ಸ್ವಲ್ಪ ತಡಮಾಡಿದರೆ, "ಏನ್ರಿ ಸಾಹೇಬ್ರ, ಇವತ್ತ ಕಚೇರಿಗಿ ಬರ್ತೀರೋ, ರಜಾ ಹಾಕೀರೋ?" ಎಂದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ದಿನಾ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಕೈಯಿಂದಲೇ ಅವನ ಹಣೆಗೂ ಹಚ್ಚುತ್ತಿದ್ದಳು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಗಾಣಕ್ಕೆ ಹೂಡುತ್ತಿದ್ದಳು. ಬಟ್ಟೆ ಕಟ್ಟುವಾಗ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಯಾಕೆ ಕಟ್ಟುತ್ತೀರಿ ಎಂದು ಒಮ್ಮೆ ಕೇಳಿದೆ.

"ಕಣ್ಣ ಬಿಟ್ರ ಅಂವಗ ಗೊತ್ತಾಗ್ತದ ತಂಗಿ, ಎಲ್ಲಿಗೂ ಹೊಂಟಿಲ್ಲಂತ" ಎಂದಳು.

ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು ಆಗಲೇ. ಹೈದರಾಬಾದ ರಾಜ್ಯ ಒಡೆಯಿತು, ಅದರೊಡನೆ ನಮ್ಮ ಜಿಲ್ಲೆಯೂ ಹಂಚಿಹೋಯಿತು. ಉದಗೀರ ಮುಂಬಯಿ ಕಡೆಗೆ, ನಾರಾಯಣಖೇಡ ಆಂಧ್ರದ ಕಡೆಗೆ, ನಾವು ಈ ಕಡೆಗೆ. ಸಾಲಿಯಲ್ಲಿ ಧ್ವಜ ಏರಿಸಿ ಪೇಢೆ ಹಂಚಿದರು. ನಾನು ಆಯಿಗೆ ಒಂದು ಪೇಢೆ ಕೊಟ್ಟು, "ಇನ್ನ ಮ್ಯಾಲ ನಾವು ಮೈಸೂರ ರಾಜ್ಯದವರ್ರಿ" ಎಂದೆ.

"ಮೈಸೂರ ಎಲ್ಲದ?"

"ಭಾಳ ದೂರ ಅದರಿ. ರೈಲಿನಾಗ ಹೋಗಬೇಕು."

"ಹಂಗಾದ್ರ ನಾವ್ ಅಲ್ಲಿಗಿ ಹೋಗಬೇಕೋ, ಅದೇ ಇಲ್ಲಿಗಿ ಬರ್ತದೋ?"

"ಯಾರೂ ಎಲ್ಲಿಗೂ ಹೋಗಲ್ರಿ. ಎಲ್ಲಾ ಇದ್ದಲ್ಲೇ ಇರ್ತದ."

"ಮತ್ತ ಪೇಢಾ ಯಾಕ ಹಂಚಿದ್ರು?" ಎಂದಳು ಆಯಿ. ಗೋಡೆಯ ಈಚೆ ನಿಂತಿದ್ದ ನನ್ನ ಯಜಮಾನರು ಬಹಳ ಹೊತ್ತು ನಗುತ್ತಿದ್ದರು.

ಆದರೆ ಊರಿನಲ್ಲಿ ಎಲ್ಲರೂ ಅಷ್ಟು ನಿರಾಳವಾಗಿರಲಿಲ್ಲ. ನಮ್ಮದು ಮರಾಠಿ ಮಾತಾಡುವ ಮನೆಗಳೂ ಕನ್ನಡ ಮಾತಾಡುವ ಮನೆಗಳೂ ಕಲಸಿಹೋದ ಊರು. ಒಬ್ಬರ ಮಗಳು ಉದಗೀರದ ಕಡೆ, ಇನ್ನೊಬ್ಬರ ಬೀಗರು ಕಮಲನಗರದಲ್ಲಿ. ಗಡಿ ಇನ್ನೂ ಪಕ್ಕಾ ಆಗಿಲ್ಲವಂತೆ, ಮತ್ತೊಮ್ಮೆ ಅಳೆಯುತ್ತಾರಂತೆ, ಹೊಲದ ನಡುವೆಯೇ ಗೆರೆ ಬೀಳುತ್ತದಂತೆ ಎಂದು ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಸಂತೆಗೆ ಹೋದವರು ಖಾಲಿ ಕೈಯಲ್ಲಿ ಬಂದರೂ ಒಂದು ಸುದ್ದಿ ಮಾತ್ರ ತಪ್ಪದೆ ತರುತ್ತಿದ್ದರು.

ಆಯಿಗೆ ಬಂದ ಸಂಕಟ ಬೇರೆ. ಭಾಲ್ಕಿಯಲ್ಲಿ ಇಂಜಿನ್ನಿನ ಎಣ್ಣೆ ಮಿಲ್ಲು ಶುರುವಾಗಿತ್ತು. ಜನ ಕುಸುಬಿ ಚೀಲ ಗಾಡಿಗೆ ಹೇರಿಕೊಂಡು ಅಲ್ಲಿಗೇ ಹೋಗತೊಡಗಿದರು. ಆಕೆ ಮಿಲ್ಲಿನ ಎಣ್ಣೆಗೆ ವಾಸನೆಯೇ ಇಲ್ಲ ಎಂದು ಬೈದಳು, ಹೋದವರ ಮನೆತನ ಎತ್ತಿ ಬೈದಳು, ಆಮೇಲೆ ಬೈಯುವುದನ್ನೂ ಬಿಟ್ಟಳು. ಅಷ್ಟರಲ್ಲಿ ಗಾಣದ ನಡುಗಂಬ ಸೀಳಿತು. ಇಲ್ಲದ ಕೆಲಸಕ್ಕೆ ಹೊಸ ಕಂಬ ಯಾರು ಕೆತ್ತಿಸುತ್ತಾರೆ? ಒಂದು ಬೆಳಿಗ್ಗೆ ಕಿರ್ ಕಿರ್ ಸದ್ದು ಕೇಳಲಿಲ್ಲ. ನಾನು ಹಾಸಿಗೆಯಲ್ಲಿ ಎದ್ದು ಕೂತು, ಏನೋ ಕಳೆದುಕೊಂಡವಳಂತೆ ಸುತ್ತ ನೋಡಿದೆ.

ಸಾಹೇಬ ಉಣ್ಣುವುದನ್ನು ಬಿಟ್ಟ. ಹುಟ್ಟಿದಾಗಿನಿಂದ ಸುತ್ತಿ ಬಂದ ಮೇಲೆಯೇ ಮೇವು ತಿಂದ ಎತ್ತು ಅದು. ಸುತ್ತದೆ ಉಣ್ಣುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಮುಂದೆ ಇಟ್ಟ ಜೋಳದ ಕಣಿಕೆಯನ್ನು ಮೂಸಿ, ಮುಖ ಎತ್ತಿ, ಯಾರೋ ಕರೆಯುತ್ತಾರೆಂದು ಕಾಯುತ್ತಿದ್ದ. ಆಯಿ ಮುರಿದ ಗಾಣದ ಸುತ್ತ ಅವನನ್ನು ನಡೆಸಿ ನೋಡಿದಳು. ಗಾಣದ ಸದ್ದಿಲ್ಲದ ಕಾರಣಕ್ಕೋ ಏನೋ, ಸ್ವಲ್ಪ ನಡೆದು ನಿಂತುಬಿಡುತ್ತಿದ್ದ. ಕೊನೆಗೆ ಆಕೆ ನಸುಕಿನಲ್ಲಿ ಅವನನ್ನು ಊರ ಹೊರಗೆ ಬೀಳುಬಿದ್ದ ನೆಲದ ಕಡೆ ಹೊಡೆದುಕೊಂಡು ಹೋಗಿ ಬಿಟ್ಟು ಬರತೊಡಗಿದಳು. ಬಿಡುವ ಮೊದಲು ಬಾಯಿಗೆ ಬಿದಿರಿನ ಬುಟ್ಟಿ ಕಟ್ಟುತ್ತಿದ್ದಳು. ಪರರ ಹೊಲದ ಒಂದು ತೆನೆಗೂ ಅವನು ಬಾಯಿ ಹಾಕಬಾರದು ಎಂಬುದು ಆಕೆಯ ಹಟ. ಆಕೆಯ ಮೊಣಕಾಲು ಹಿಡಿದುಹೋಗಿದ್ದವು, ಅವನ ಹಿಂದೆ ತಿರುಗಲು ಆಗುತ್ತಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಸಾಹೇಬ ತಾನೇ ಮನೆಗೆ ಬರುತ್ತಿದ್ದ. ಬಂದವನು ಹೊಟ್ಟೆ ತುಂಬ ಮೇವು ತಿನ್ನುತ್ತಿದ್ದ. "ಹವಾ ಕುಡಿಲಕ್ಕ ಹೋಗ್ತಾನ, ದೊಡ್ಡ ಮನಷ್ಯಾ" ಎಂದು ಆಯಿ ಮತ್ತೆ ನಗತೊಡಗಿದಳು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರಿನಲ್ಲಿ ಒಲೆ ಉರಿಯುವುದು ಬೆಳಗಿನ ತನಕ ಮಾತ್ರ. ಹಸಿಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ ಹೊತ್ತುಕೊಂಡು ಇಡೀ ಊರು ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿ ಪೂಜೆ ಮಾಡಿ, ಬೆಳೆಯ ನಡುವೆ ನಡೆಯುತ್ತ ಭೂಮಿತಾಯಿಗೆ ಚರಗ, ಅಂದರೆ ತಂದ ಅಡುಗೆಯ ಪಾಲು, ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು. ನಮಗೆ ಹೊಲವಿರಲಿಲ್ಲ. ಶರಣಪ್ಪ ಎಂಬ ರೈತ ತನ್ನ ಹೊಲಕ್ಕೆ ಕರೆದಿದ್ದ. ಅವನ ಹೊಲಕ್ಕೆ ತಾಗಿ ತುಕಾರಾಮನ ಹೊಲ. ಒಬ್ಬನ ಮನೆಯ ಮಾತು ಕನ್ನಡ, ಇನ್ನೊಬ್ಬನದು ಮರಾಠಿ. 'ಅಣ್ಣಾ, ತಮ್ಮಾ' ಎನ್ನುತ್ತ ಒಂದೇ ಬಾವಿಯ ನೀರು ಕುಡಿದವರು.

ಚರಗ ಚೆಲ್ಲುತ್ತ ಮುಂದೆ ಹೋದ ಶರಣಪ್ಪ ಕೂಗಿದ. ನಾವೆಲ್ಲ ಓಡಿದೆವು. ತಲೆ ಮುಳುಗುವಷ್ಟು ಎತ್ತರದ ಬಿಳಿಜೋಳದ ನಡುವೆ ದುಂಡಗೆ ಒಂದು ಚಕ್ರ. ಒಂದು ಸುತ್ತಿನ ಬೆಳೆ ನೆಲಕ್ಕೆ ಮಲಗಿತ್ತು, ನಡುವಿನದು ನೆಟ್ಟಗೆ ನಿಂತಿತ್ತು. ಒಂದು ತೆನೆಯೂ ಮುರಿದುಕೊಂಡು ಹೋಗಿರಲಿಲ್ಲ, ಒಂದು ಎಲೆಯನ್ನೂ ದನ ಕಚ್ಚಿರಲಿಲ್ಲ. ಒಣಗಿ ಬಿರುಕು ಬಿಟ್ಟ ಎರೆನೆಲದಲ್ಲಿ ಹೆಜ್ಜೆ ಗುರುತೂ ಮೂಡಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಆ ಚಕ್ರ ಎರಡು ಹೊಲಗಳ ನಡುವಿನ ಬದುವನ್ನು ದಾಟಿ, ಅರ್ಧ ಶರಣಪ್ಪನ ಜೋಳದಲ್ಲಿ, ಅರ್ಧ ತುಕಾರಾಮನ ಜೋಳದಲ್ಲಿ ಬಿದ್ದಿತ್ತು.

"ದನ ಆದ್ರ ತಿಂತಿದ್ವು" ಎಂದ ಒಬ್ಬ. "ದೆವ್ವ ಆದ್ರ ಬದು ಯಾಕ ನೋಡ್ತದ?" ಎಂದ ಇನ್ನೊಬ್ಬ. ಯಾರೋ ಮೆಲ್ಲಗೆ, "ಇದು ಸರಕಾರದ ನಿಶಾನಿ" ಎಂದರು. ಅಷ್ಟು ಸಾಕಾಯಿತು. ಅದೇ ವಾರ ಮೈಸೂರು ಕಡೆಯ ಓವರ್‌ಸಿಯರ್ ಒಬ್ಬ ರಸ್ತೆ ಅಳೆಯಲೆಂದು ಸರಪಳಿ, ಕೆಂಪು ಬಾವುಟ ಹಿಡಿದು ಊರಿಗೆ ಬಂದಿದ್ದ. ರಸ್ತೆಯದು ಬರೀ ನೆಪ, ಅವನು ಗಡಿ ಗುರುತು ಹಾಕುತ್ತಿದ್ದಾನೆ ಎಂದು ಉಣ್ಣುವ ಮೊದಲೇ ತೀರ್ಮಾನವಾಯಿತು. ಶೇಂಗಾ ಹೋಳಿಗೆ ಅಂದು ಯಾರಿಗೂ ರುಚಿಸಲಿಲ್ಲ.

ಸಂಜೆ ಒಂದಿಷ್ಟು ಭಜ್ಜಿ, ರೊಟ್ಟಿ ತೆಗೆದುಕೊಂಡು ಆಯಿಯ ಮನೆಗೆ ಹೋದೆ. ಆಕೆ ಸಾಹೇಬನಿಗೆ ಹಿಂಡಿ ಕಲಸುತ್ತಿದ್ದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಆಕೆಯ ಕೈ ನಿಂತಿತು.

"ದುಂಡಗ ಬಿದ್ದಿತ್ತಾ?"

"ಹೂಂರಿ. ಕೈಲೆ ತಿದ್ದಿದಂಗ."

"ಎಷ್ಟ ಅಗಲ ಇತ್ತು?"

"ಇಷ್ಟೇ ನೋಡ್ರಿ, ನಿಮ್ಮ ಗಾಣದ ಅಂಗಳದಷ್ಟು..." ಎಂದು ಕೈ ಬೀಸಿ ತೋರಿಸಿದ ನಾನು ಅಲ್ಲೇ ನಿಲ್ಲಿಸಿದೆ. ಮುರಿದ ಗಾಣದ ಸುತ್ತ ವರ್ಷಗಟ್ಟಲೆ ತುಳಿದು ಗಟ್ಟಿಯಾದ ದಾರಿ ಅಷ್ಟೇ ಅಗಲವಾಗಿ, ಅಷ್ಟೇ ದುಂಡಗೆ ನನ್ನ ಕಾಲ ಬುಡದಲ್ಲಿತ್ತು. ನಾವಿಬ್ಬರೂ ಸಾಹೇಬನ ಕಡೆ ನೋಡಿದೆವು. ಅವನು ಹಿಂಡಿಗಾಗಿ ಕಾಯುತ್ತಿದ್ದ.

ಬೀಳು ನೆಲ ಅವನಿಗೆ ಹಿಡಿಸಿರಲಿಲ್ಲ. ಒಣಗುತ್ತಿದ್ದ ಜೋಳದ ಎಲೆಗಳು ಮೈಗೆ ಉಜ್ಜಿ ಸದ್ದು ಮಾಡುತ್ತವೆ, ದಂಟು ಎದೆಗೆ ಒತ್ತುತ್ತದೆ. ಅಲ್ಲಿ ನಡೆದರೆ ಅವನಿಗೆ ಗಾಣ ಎಳೆದಂತೆ ಅನಿಸಿರಬೇಕು ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ. ಆಯಿ ಬಾಯಿಗೆ ಬುಟ್ಟಿ ಕಟ್ಟದಿದ್ದರೆ ಅವನು ನಾಲ್ಕು ತೆನೆ ತಿಂದಿರುತ್ತಿದ್ದ, ದನದ ಕೆಲಸ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಆಕೆಯ ನಿಯತ್ತೇ ಊರಿಗೆಲ್ಲ ಒಗಟಾಗಿ ಕೂತಿತು.

"ಹೇಳಿಬಿಡೂಣೇನ್ರಿ?" ಎಂದೆ.

"ಹೇಳಿದ್ರ ಏನಾಗ್ತದ ಗೊತ್ತದೇನು?" ಎಂದಳು ಆಯಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಬೆಳಿ ತುಳಿದ ದನ ಔರಾದಕ್ಕ ಹೋಗ್ತದ, ಕೊಂಡವಾಡಕ್ಕ, ಸರಕಾರದ ದೊಡ್ಡಿಗಿ. ದಂಡ ಕಟ್ಟಲಕ್ಕ ನನ್ನ ಹತ್ರ ರೊಕ್ಕ ಇಲ್ಲ, ಅಲ್ಲಿ ಲಿಲಾವು ಮಾಡ್ತಾರ. ಇಷ್ಟ ಮುದಿ ಎತ್ತ ಕೊಂಡಾಂವ ಗಾಡಿಗಿ ಕಟ್ತಾನೇನು? ಕೊಯ್ಯವರೇ ಒಯ್ತಾರ."

ಮರುದಿನದಿಂದ ಸಾಹೇಬನನ್ನು ಗೂಟಕ್ಕೆ ಕಟ್ಟಿಹಾಕಿದಳು. ಅವನು ಮತ್ತೆ ಮೇವು ಬಿಟ್ಟ. ನಾನು ದಿನವೂ ಗೋಡೆ ದಾಟಿ ಹೋಗುತ್ತಿದ್ದೆ. ಎತ್ತಿನ ಪಕ್ಕೆಲುಬು ಕಾಣತೊಡಗಿದವು. ಒಂದು ದಿನ ಆಯಿಗೆ ರೊಟ್ಟಿ ಇಡಲು ಗೋಡೆಯ ಗೂಡಿನ ಬಟ್ಟೆ ಎತ್ತಿ ನೋಡಿದರೆ ಹಿಂದಿನ ದಿನ ನಾನು ತಂದದ್ದು ಹಾಗೇ ಇತ್ತು. ಅದರ ಹಿಂದಿನದೂ ಇತ್ತು. 

"ಇದೇನ್ರಿ ಆಯಿ?"

"ಅಂವ ಉಣ್ಣಲಿ. ಆಮ್ಯಾಲ ನಾ ಉಣ್ತೇನಿ" ಎಂದಳು, ಅದರಲ್ಲಿ ಕೇಳುವುದೇನಿದೆ ಎಂಬಂತೆ. ಎಷ್ಟು ಬೇಡಿಕೊಂಡರೂ ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಲಿಲ್ಲ. ನಾನು ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತೆ.

ಊರಿನಲ್ಲಿ ಜಗಳ ಹೊತ್ತಿಕೊಂಡಿತ್ತು. ಚಕ್ರದ ದೊಡ್ಡ ಪಾಲು ಯಾರ ಹೊಲದಲ್ಲಿದೆಯೋ ಅವರು ಮುಂಬಯಿಗೆ, ಸಣ್ಣ ಪಾಲಿನವರು ಮೈಸೂರಿಗೆ ಎಂದು ಒಂದು ಗುಂಪು. ತಿರುಗುಮುರುಗು ಎಂದು ಇನ್ನೊಂದು ಗುಂಪು. ಶರಣಪ್ಪನೂ ತುಕಾರಾಮನೂ ಹಗ್ಗ ಹಿಡಿದು ತಮ್ಮ ತಮ್ಮ ಪಾಲು ಅಳೆದರು. ನೀನೇ ಯಾರನ್ನೋ ಹಿಡಿದು ಗಡಿ ನನ್ನ ಹೊಲಕ್ಕೆ ಸರಿಸಿದ್ದೀಯ ಎಂದು ಇವನು, ನೀನೇ ಎಂದು ಅವನು. ಬಾವಿಯಲ್ಲಿ ಇಬ್ಬರ ಮನೆಯವರೂ ಮುಖ ತಿರುಗಿಸಿ ನೀರು ಸೇದತೊಡಗಿದರು. ತುಕಾರಾಮನ ಹೆಂಡತಿ ಎಳ್ಳ ಅಮಾವಾಸ್ಯೆಗೆ ಶರಣಪ್ಪನ ಮನೆಯಿಂದ ಬಂದ ಪಾತ್ರೆಯನ್ನು ಬೇರೆಯವರ ಕೈಯಲ್ಲಿ ಹಿಂದಕ್ಕೆ ಕಳಿಸಿದಳು. ಮಾಸ್ತರರಾಗಿ ನನ್ನ ಯಜಮಾನರು ತಿಳಿಹೇಳಲು ಹೋಗಿ ಎರಡೂ ಕಡೆಯಿಂದ ಬೈಸಿಕೊಂಡು ಬಂದರು. ನಾನು ಆಯಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಆಕೆ ಗೂಟದ ಹತ್ತಿರ ಕೂತು ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಚಾವಡಿಯ ಕಡೆ ಗದ್ದಲ. ಆಯಿಗೆ ರೊಟ್ಟಿ ಕಟ್ಟಿಕೊಂಡು ಹೊರಟಿದ್ದ ನಾನು ಅದನ್ನು ಕೈಯಲ್ಲಿ ಹಿಡಿದೇ ಓಡಿದೆ. ಜನ ಓವರ್‌ಸಿಯರನನ್ನು ಸುತ್ತುಗಟ್ಟಿದ್ದರು. ಅವನ ಸರಪಳಿ ಯಾರದೋ ಕೈಯಲ್ಲಿತ್ತು. "ನಾನು ರಸ್ತೆ ಅಳೆಯೋಕೆ ಬಂದಿರೋದು ಸ್ವಾಮಿ. ಚಕ್ರದ ವಿಷಯ ನಂಗೇನೂ ಗೊತ್ತಿಲ್ಲ, ದೇವರಾಣೆ" ಎಂದು ಅವನು ಕೈಮುಗಿಯುತ್ತಿದ್ದ. ಅವನ ಮೆತ್ತಗಿನ ಕನ್ನಡ ಕೇಳಿ ಜನಕ್ಕೆ ಇನ್ನಷ್ಟು ಅನುಮಾನ. ಅಷ್ಟರಲ್ಲಿ ತುಕಾರಾಮನ ಕೈ ಶರಣಪ್ಪನ ಕೊರಳಪಟ್ಟಿಗೆ ಹೋಯಿತು. ಊರ ಪಾಟೀಲರು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದರೂ ಯಾರೂ ಕೇಳಲಿಲ್ಲ.

ಜನ ತಾವಾಗಿಯೇ ದಾರಿ ಬಿಟ್ಟಿದ್ದು ನೋಡಿ ತಿರುಗಿದೆ. ಆಯಿ ಬರುತ್ತಿದ್ದಳು. ಹಿಂದೆ ಸಾಹೇಬ. ಇಬ್ಬರೂ ತೂರಾಡುತ್ತಿದ್ದರು. ಯಾರು ಯಾರನ್ನು ಹಿಡಿದು ನಡೆಸುತ್ತಿದ್ದರೋ ಹೇಳುವಂತಿರಲಿಲ್ಲ.

"ಬಿಡ್ರೋ ಅವನಿಗಿ" ಎಂದಳು. "ಚಕ್ರ ಹಾಕಿದಾಂವ ಇಂವ ಹಾನ ನೋಡ್ರಿ. ನನ್ನ ಎತ್ತು."

 ಯಾರೋ ನಕ್ಕರು. ಜೋಳದೊಳಗೆ ಹೋಗಿ ಒಂದು ಎಲೆಯನ್ನೂ ತಿನ್ನದ ಎತ್ತು ಎಲ್ಲಾದರೂ ಇದೆಯೇ? ಆಯಿ ಬಿದಿರಿನ ಬುಟ್ಟಿಯನ್ನು ಎತ್ತಿ ತೋರಿಸಿದಳು. "ಸುಳ್ಳ ಅನಸ್ತದ? ಹೊಲಕ್ಕ ನಡೀರಿ."

ಇಡೀ ಊರು ಆಕೆಯ ಹಿಂದೆ ಹೋಯಿತು. ಹಗಲು ಬೆಳಕಿನಲ್ಲಿ, ಶರಣಪ್ಪನ ಹೊಲದ ಅಂಚಿನಲ್ಲಿ ಆಯಿ ಸಾಹೇಬನ ಬಾಯಿಗೆ ಬುಟ್ಟಿ ಕಟ್ಟಿ ಹಗ್ಗ ಬಿಚ್ಚಿದಳು. "ಹೋಗ್ರಿ ಸಾಹೇಬ್ರ" ಎಂದಳು. ಅವನು ಜೋಳದೊಳಗೆ ನುಗ್ಗಿದ. ನಾವು ಬದುವಿನ ಮೇಲೆ ನಿಂತು ನೋಡಿದೆವು. ಮಲಗಿದ ಜೋಳದ ದಾರಿ ಹಿಡಿದು, ತಲೆ ತಗ್ಗಿಸಿ, ಅವಸರವಿಲ್ಲದೆ ಅವನು ಸುತ್ತತೊಡಗಿದ. ಕಣ್ಣಿಗೆ ಬಟ್ಟೆಯಿಲ್ಲ, ಹಿಂದೆ ಗಾಣವಿಲ್ಲ, ಹೊಡೆಯುವವರಿಲ್ಲ. ಬದು ಬಂದಾಗ ಒಂದು ಕಾಲೆತ್ತಿ ಆಚೆ ಇಟ್ಟು ತುಕಾರಾಮನ ಹೊಲಕ್ಕೆ ಹೋದ. ಅಲ್ಲಿಂದ ಮತ್ತೆ ಬದು ದಾಟಿ ಶರಣಪ್ಪನ ಹೊಲಕ್ಕೆ ಬಂದ. ಮತ್ತೆ ಹೋದ.  ಎಲೆಗಳು ಸರಸರ ಎನ್ನುತ್ತಿದ್ದವು. ಓವರ್‌ಸಿಯರ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ಯಾಕ ಮೊದಲೇ ಹೇಳಲಿಲ್ಲ ಆಯಿ?" ಎಂದರು ಪಾಟೀಲರು.

"ಹೇಳಿದ್ರ ಇಂವ ಹೋಗ್ತಾನಂತ ಹೇಳಲಿಲ್ರಿ" ಎಂದಳು ಆಯಿ. "ಬಾಯಿ ಮುಚ್ಕೊಂಡು ಸಾಯೂಣ ಇಬ್ಬರೂ ಅಂದ್ಕೊಂಡಿದ್ದೆ. ಆದ್ರ ನನ್ನ ಎತ್ತ ತುಳಿದ ಗೆರಿ ಮ್ಯಾಲ ನೀವ್ ದೇಶ ಹಂಚ್ಕೊಳ್ಳತ್ತೀರಿ. ಇವರಿಬ್ಬರ ಅವ್ವಂದಿರು ಒಂದೇ ದಿನ ನನ್ನ ಗಾಣಕ್ಕ ಕುಸುಬಿ ತರ್ತಿದ್ರು. ಇವತ್ತ ಇವರು ಕೊರಳಿಗಿ ಕೈ ಹಾಕ್ಯಾರ. ಅದನ್ನ ನೋಡ್ಕೋತ ಕುಂದರ್ಲಿ ಹ್ಯಾಂಗ? ಕಾಯ್ದೆ ಏನದ ಮಾಡ್ರಿ. ಒಯ್ರಿ ಅವನಿಗಿ."

ಇಷ್ಟು ಹೇಳಿ ಆಕೆ ಬದುವಿನ ಮೇಲೆ ಕುಸಿದು ಕೂತಳು. ನಾನು ಹಿಂದಿನಿಂದ ಹಿಡಿದುಕೊಂಡೆ. ಆ ಗಟ್ಟಿ ಮೈ ನನ್ನ ಕೈಯಲ್ಲಿ ಹಗುರಾಗಿತ್ತು.

ಪಾಟೀಲರು ಗಂಟಲು ಸರಿಮಾಡಿಕೊಂಡರು. ಕಾಯ್ದೆ ಪ್ರಕಾರ ಕೊಂಡವಾಡಕ್ಕೆ ಕಳಿಸಬೇಕಾಗುತ್ತದೆ, ಬೆಳೆ ಹೋದವರು ಏನೆನ್ನುತ್ತಾರೆ ಎಂದು ಕೇಳಿದರು. ಆಯಿ ತಲೆ ಎತ್ತಲಿಲ್ಲ.  ಶರಣಪ್ಪ ಕೆಳಗೆ ನೋಡುತ್ತ ನಿಂತಿದ್ದ. ಹರಿದ ಕೊರಳಪಟ್ಟಿಯನ್ನು ಬೆರಳಿಂದ ಸರಿಮಾಡಿಕೊಂಡ.

"ಕೊಂಡವಾಡದಾಗ ಕಟ್ಟಿದ್ರ ಮಲಗಿದ ಜ್ವಾಳ ಎದ್ದ ನಿಲ್ತದೇನ್ರಿ?" ಎಂದ. ಆಮೇಲೆ, ಎಷ್ಟೋ ದಿನಗಳ ನಂತರ, ಪಕ್ಕದವನ ಕಡೆ ತಿರುಗಿದ. "ತುಕಾರಾಮಾ, ರಾಶಿಗಿ ನಿನ್ನ ಕಣದಾಗ ಮೇಟಿ ಹತ್ತಿರ ಕಟ್ಟಲಕ್ಕ ಎತ್ತ ಅದನೋ?"

ಕಣದ ನಡುವಿನ ಕಂಬಕ್ಕೆ ಮೇಟಿ ಎನ್ನುತ್ತಾರೆ. ರಾಶಿಯಲ್ಲಿ ತೆನೆ ತುಳಿಸುವಾಗ ಅದಕ್ಕೆ ಅಂಟಿಕೊಂಡು ಸುತ್ತುವ ಎತ್ತು ನಿಧಾನದ್ದಾಗಿರಬೇಕು, ತಲೆ ಸುತ್ತಿ ಬೀಳದಂಥದ್ದಾಗಿರಬೇಕು. ಅಂಥ ಎತ್ತು ಸಿಗುವುದು ಕಷ್ಟ.

ತುಕಾರಾಮ ಸುತ್ತುತ್ತಿದ್ದ ಸಾಹೇಬನನ್ನು ನೋಡಿದ. "ಇಲ್ಲ ಅಣ್ಣಾ" ಎಂದ. "ಹೋದ ವರ್ಷನೂ ಇದ್ದಿಲ್ಲ."

"ಹಂಗಾದ್ರ ಮೊದಲ ನಿನ್ನ ಕಣ. ಆಮ್ಯಾಲ ನಂದು."

"ನಕೋ, ನಕೋ. ಮೊದಲ ನಿಂದೇ ಆಗಲಿ."

ಇದಕ್ಕೂ ಇಬ್ಬರು ಜಗಳವಾಡುವ ಲಕ್ಷಣ ಕಂಡಿತು. ಪಾಟೀಲರು ನಗು ತಡೆಯಲಾರದೆ ಆಚೆ ನೋಡಿದರು. ರಾಶಿಯವರೆಗೆ ಎತ್ತು ಎಲ್ಲಿ ಸುತ್ತಬೇಕು ಎಂದು ಯಾರೋ ಕೇಳಿದಾಗ ಶರಣಪ್ಪ, "ಇಲ್ಲೇ ಸುತ್ತಲಿ. ಬಿದ್ದದ್ದು ಬಿದ್ದದ" ಎಂದ.

ತುಕಾರಾಮನ ಹೆಂಡತಿ ಬಾಗಿ ಮಲಗಿದ ಜೋಳದ ದಂಟುಗಳನ್ನು ಆಯ್ದು ಒಂದು ಹೊರೆ ಮಾಡಿದಳು. ಸಾಹೇಬ ಸುತ್ತು ಮುಗಿಸಿ, ಯಾರೂ ಕರೆಯದೆ, ಆಯಿಯ ಹತ್ತಿರ ಬಂದು ನಿಂತ. ಆಯಿ ಬುಟ್ಟಿ ಬಿಚ್ಚಿದಳು. ಅವನು ಹೊರೆಯನ್ನು ಮೂಸಿದ, ಒಂದು ದಂಟು ಎಳೆದುಕೊಂಡ, ಅಗಿಯತೊಡಗಿದ. ಆಯಿ ಅವನ ಬಾಯಿಯನ್ನೇ ನೋಡುತ್ತ ಕೂತಳು. ಅವನ ಗಂಟಲಲ್ಲಿ ಒಂದು ತುತ್ತು ಇಳಿದದ್ದು ಕಂಡಿತು. ಆಮೇಲೆ ಇನ್ನೊಂದು.

ಆಗ ಆಕೆ ನನ್ನ ಕಡೆ ತಿರುಗಿ ಕೈ ಚಾಚಿದಳು.

"ಆ ರೊಟ್ಟಿ ತಾ ಇಲ್ಲಿ, ತಂಗಿ. ಭಾಳ ಹಸಿವಾಗ್ಯದ."